ಕದ್ದ ಮಾತು

ತಮ್ಮನ ಕೋಟಿಗೆ ಗುಂಡಿ ಹಾಕಿ ಮುಗಿಸಿ ಅಕ್ಕ ದಾರವನ್ನು ಹಲ್ಲಲ್ಲಿ ಕಡಿಯುವಷ್ಟರಲ್ಲಿ ಡಬ್ಬ ಒಳಗೆ ಬಂದ. ಮೂವತ್ತೆರಡು ವರ್ಷ ತಮ್ಮನ ಬ್ಯಾಂಡಿನಲ್ಲಿ ಅವನ ಹಿಂದೆ ಕೂತು ಡ್ರಮ್ಸ್ ಬಾರಿಸಿದವನು. ಚಿಕ್ಕಂದಿನಲ್ಲಿ ಬಿಸ್ಕತ್ತಿನ ಡಬ್ಬ ಬಡಿಯುತ್ತಿದ್ದನಂತೆ. ಹೆಸರು ಹಾಗೇ ಅಂಟಿಕೊಂಡಿತ್ತು.

"ಅಕ್ಕ, ಹೊರಗೆ ತುಂಬಾ ಜನ ಸೇರಿದಾರೆ. ಒಂದೇ ಒಂದು ಹಾಡು ಹಾಕ್ಲಾ?"

"ಬೇಡಪ್ಪ. ಆ ಗಲಾಟೇಲೇ ಒಂದು ಕಿವಿ ಕಳ್ಕೊಂಡ. ಇವತ್ತಾದ್ರೂ ಸುಮ್ನೆ ಮಲಗ್ಲಿ."

ಡಬ್ಬ ತಲೆ ಕೆರೆದುಕೊಂಡ. "ಅದೂ ಸರೀನೇ. ಆ ಹಾಡಿನ ಮಾತೂ ಇವತ್ತಿಗೆ ಸರಿಹೋಗಲ್ಲ ಬಿಡಿ."

ಯಾವ ಹಾಡು ಎಂದು ಅವಳು ಕೇಳಲಿಲ್ಲ. ತಮ್ಮನ ಒಂದು ಕಾರ್ಯಕ್ರಮಕ್ಕೂ ಹೋದವಳಲ್ಲ. ವಿಚಾರಿಸಿದವರಿಗೆಲ್ಲ "ಅವನು ಕರೆಂಟಿನ ಕೆಲಸ ಮಾಡ್ತಾನೆ" ಎಂದು ಸಾಗಹಾಕುತ್ತಿದ್ದಳು. ಗಿಟಾರಿಗೂ ಕರೆಂಟು ಬೇಕಲ್ಲ, ಪೂರಾ ಸುಳ್ಳೇನಲ್ಲ. ಕೊನೆಗೆ ಅವನು ಒಂದು ಸಣ್ಣ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಬುಧವಾರ ಬೆಳಿಗ್ಗೆ ಅದರ ಶಟರ್ ಎತ್ತುವಾಗಲೇ ಕುಸಿದುಬಿದ್ದದ್ದು.

ಇಬ್ಬರೂ ಸೇರಿ ಕೋಟು ತೊಡಿಸಿದರು. ಶವಪೆಟ್ಟಿಗೆಯನ್ನು ಹಾಲ್‌ಗೆ ತಂದಾಗ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನರೆತ ಜುಟ್ಟಿನವರು, ಹೊಟ್ಟೆಯ ಮೇಲೆ ಗುಂಡಿ ಹಾಕಲಾಗದ ಚರ್ಮದ ಜಾಕೆಟ್ಟಿನವರು. ಸಮವಸ್ತ್ರದಲ್ಲೇ ಬಂದಿದ್ದ ಬಸ್ ಓಡಿಸುವ ಹೆಂಗಸೊಬ್ಬಳು ಹಿಂದಿನಿಂದ ಮೆಲ್ಲಗೆ ಹಾಡಲು ಶುರುಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ನೋಡನೋಡುತ್ತ ಇಡೀ ಹಾಲ್ ಸೇರಿಕೊಂಡಿತು.

"ಎಲ್ಲಿ ಸಾಯ್ತಿದ್ದೀಯೋ, ಊಟ ಆರ್ತಿದೆ ಬಾರೋ..."

ಅಕ್ಕ ಬೆಚ್ಚಿಬಿದ್ದಳು.

*

ಅಮ್ಮ ತೀರಿಹೋದಾಗ ಅವಳಿಗೆ ಹದಿನೇಳು, ಅವನಿಗೆ ಒಂಬತ್ತು. ಹಗಲೆಲ್ಲ ಪಕ್ಕದವರ ಬಟ್ಟೆ ಹೊಲಿದು, ಅಡಿಗೆ ಮುಗಿಸಿ, ಮೂರನೇ ಮಹಡಿಯ ಕಿಟಕಿಯಿಂದ ಬಗ್ಗಿ ಇದೇ ಮಾತನ್ನು ಕೂಗುತ್ತಿದ್ದಳು. ಅವನು ಕೆಳಗೆ ಖಾಲಿ ಗ್ಯಾರೇಜಿನಲ್ಲಿ ತಂತಿ ಮೀಟುತ್ತಿರುತ್ತಿದ್ದ. ಎರಡು ಸಲಕ್ಕೆ ಬರುವ ಆಸಾಮಿಯಲ್ಲ. ಮೂರನೆಯ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆಯುತ್ತಿದ್ದವು.

ಇಪ್ಪತ್ತೆರಡಕ್ಕೆ ಮನೆ ಬಿಟ್ಟ. ಒಂದು ದಿನ ಫೋನು ಮಾಡಿ, "ಅಕ್ಕ, ನಿಂದೊಂದು ಕದ್ದಿದ್ದೀನಿ ಕಣೇ. ಶನಿವಾರ ನಮ್ಮ ಪ್ರೋಗ್ರಾಮಿಗೆ ಬಾ, ಗೊತ್ತಾಗುತ್ತೆ" ಎಂದಿದ್ದ. ಅವಳು ಬೀರು, ದಾರದ ಪೆಟ್ಟಿಗೆ, ಅಮ್ಮನ ಉಂಗುರ ಎಲ್ಲ ತಡಕಾಡಿದಳು. ಏನೂ ಕಳೆದಿರಲಿಲ್ಲ. ಶನಿವಾರ ಹೊಲಿಗೆ ರಾಶಿ ಬಿದ್ದಿತ್ತು, ಹೋಗಲಿಲ್ಲ. ಅವನು ಮತ್ತೆ ಆ ಮಾತೆತ್ತಲಿಲ್ಲ.

*

"ಇದು ನನ್ನ ಬೈಗುಳ ಅಲ್ವೇನೋ?" ಎಂದಳು, ಪಕ್ಕದಲ್ಲಿ ಕೂತ ಡಬ್ಬನಿಗೆ.

"ಹೌದಕ್ಕ. ಇದನ್ನ ಹಾಡದೇ ಇದ್ರೆ ಜನ ಮನೆಗೇ ಹೋಗ್ತಿರ್ಲಿಲ್ಲ. ನಿಮಗೆ ಗೊತ್ತು ಅಂದ್ಕೊಂಡಿದ್ದೆ."

"ಅಷ್ಟು ಜನಾನೂ ಅವನಿಗೆ ಹೀಗೇ ಬೈತಿದ್ರಾ?"

"ಗಂಟಲು ಹರಿಯೋ ಹಾಗೆ."

ಅವಳು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಹಾಡು ತಟ್ಟನೆ ನಿಂತಿತು.

"ಇಲ್ಲಿ ಅವನೊಬ್ನೇ ಹಾಡ್ಬೇಕು," ಎಂದು ಡಬ್ಬ ಪಿಸುಗುಟ್ಟಿದ. "'ಬಂದೆ ಕಣೇ, ಇನ್ನೊಂದೇ ನಿಮಿಷ' ಅಂತ."

ಆ ಸಾಲನ್ನು ಯಾರೂ ಹಾಡಲಿಲ್ಲ. ಡಬ್ಬ ತೊಡೆಯ ಮೇಲೆ ಬೆರಳಿನಿಂದ ನಾಲ್ಕು ತಾಳ ಎಣಿಸಿದ. ಅಷ್ಟು ಹೊತ್ತೂ ಅಕ್ಕ ಕಿವಿಯ ಮೇಲಿನ ಕೂದಲು ಸರಿಸಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು.