ನಯನಳ ಮದುವೆಗೆ ಬಾರದವಳು

ಶೋಭಿತಾ ನಡೆಯುವುದನ್ನು ಮೊದಲ ಸಲ ಕಂಡವರು ಅವಳನ್ನು ಬಿಟ್ಟು ಅವಳ ಹಿಂದೆ ನೋಡುತ್ತಾರೆ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು. ಯಾರೂ ಇರುವುದಿಲ್ಲ. ಅದು ಓಟವಲ್ಲ, ನಡಿಗೆಯೂ ಅಲ್ಲ. ಮಂಡ್ಯದ ಕಾಲೇಜಿಗೆ ಹೋಗುತ್ತಿದ್ದಷ್ಟು ವರ್ಷವೂ ಹನಕೆರೆಯ ನಿಲ್ದಾಣವನ್ನು ಕಟ್ಟಕಡೆಯ ಕ್ಷಣದಲ್ಲಿ ತಲುಪಿ, ಅಲುಗತೊಡಗಿದ ಗಾಡಿಯ ಬಾಗಿಲಿನಿಂದ ಗೆಳತಿ ಚಾಚಿದ ಕೈಯನ್ನು ಹಿಡಿದು ಹತ್ತಿ ಹತ್ತಿ, ಆ ಕಾಲುಗಳಿಗೆ ಅಂಟಿಕೊಂಡುಬಿಟ್ಟ ಒಂದು ಲಯ. ಎಡಗೈ ಚೀಲವನ್ನು ಪಕ್ಕೆಗೆ ಒತ್ತಿಕೊಂಡಿರುತ್ತದೆ, ಬಲಗೈ ತುಸು ಮುಂದಕ್ಕೆ ಚಾಚಿರುತ್ತದೆ. ಉಪ್ಪು ತರಲು ಅಂಗಡಿಗೆ ಹೋದರೂ ಹಾಗೆಯೇ, ಸಾವಿನ ಮನೆಗೆ ಹೋದರೂ ಹಾಗೆಯೇ.

ನಾನು ಮೈಸೂರಿನಲ್ಲಿ ಓದಿ ಬೆಳೆದು, ಅವಳ ಅಣ್ಣನ ಕೈಹಿಡಿದು ಆ ಮನೆ ಸೇರಿದವಳು. ಸ್ವಭಾವತಃ ಅಂಜುಬುರುಕಿ, ಮಗು ಹುಟ್ಟಿದ ಮೇಲಂತೂ ಗಾಳಿ ಬೀಸಿದರೆ ನೆಗಡಿ ಎಂದೂ, ಬೀಸದಿದ್ದರೆ ಸೆಕೆಬೊಕ್ಕೆ ಎಂದೂ ಹೆದರುವವಳು. ಇಂಥ ನನ್ನ ಪಾಲಿಗೆ ಇಂಥ ನಾದಿನಿ! ಅವಳು ಯಾವ ಸಂಗತಿಯನ್ನೂ ಮೊದಲಿನಿಂದ ಹೇಳಿದವಳಲ್ಲ. ಹೊಸಿಲು ದಾಟುತ್ತಲೇ "ಬದುಕ್ಕೊಂಡೆ ಅತ್ತಿಗೆ!" ಎಂದು ಕೂಗಿ, ನನ್ನ ಎದೆಬಡಿತ ನಿಂತ ಮೇಲೆ ನಿಧಾನವಾಗಿ, ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳವಾದದ್ದನ್ನೋ, ಪರೀಕ್ಷೆಯಲ್ಲಿ ಓದದೆ ಬಿಟ್ಟ ಪಾಠದಿಂದ ಪ್ರಶ್ನೆ ಬಾರದೆ ಉಳಿದದ್ದನ್ನೋ ಬಿಡಿಸಿ ಹೇಳುತ್ತಿದ್ದಳು. ಅಂತ್ಯದಿಂದ ಆದಿಗೆ ನಡೆಯುವ ಈ ಕಥನಕ್ರಮಕ್ಕೆ ಮನೆಯಲ್ಲಿ ಒಗ್ಗದವಳು ನಾನೊಬ್ಬಳೇ.

ಪದವಿ ಮುಗಿಸಿದ ವರ್ಷ, ಯುವಜನರನ್ನು ಪರದೇಶದ ಹಳ್ಳಿಗಳಿಗೆ ಒಂದು ವರ್ಷದ ಮಟ್ಟಿಗೆ ಸ್ವಯಂಸೇವಕರನ್ನಾಗಿ ಕಳಿಸುವ ಸಂಸ್ಥೆಯೊಂದು ಅವಳನ್ನು ಕೀನ್ಯಾಕ್ಕೆ ಆರಿಸಿತು. ಅಲ್ಲಿಯ ಪಶ್ಚಿಮದ ಗುಡ್ಡಗಾಡಿನಲ್ಲಿ ರಾಗಿ ಬೆಳೆಯುವ ಹೆಂಗಸರ ಸಂಘವೊಂದರ ಜೊತೆ ಕೆಲಸ. ಆ ಸುದ್ದಿಯನ್ನೂ ಅವಳು "ಬದುಕ್ಕೊಂಡೆ" ಎಂದೇ ಶುರುಮಾಡಿದಳು. ಮನೆಯವರೆಲ್ಲ ದಿಕ್ಕೆಟ್ಟು ಕೂತಿದ್ದಾಗ ಅಜ್ಜಿ ಮುದ್ದಮ್ಮ ಮಾತ್ರ ಎಲೆಅಡಿಕೆಯನ್ನು ದವಡೆಗೆ ಸರಿಸಿ, "ಅಲ್ಲೂ ರಾಗಿ ಬೆಳೀತರಾ?" ಎಂದು ಕೇಳಿದರು. ಹೌದೆಂದು ತಿಳಿದ ಮೇಲೆ ಅವರಿಗೆ ಅದು ಪರದೇಶವಾಗಿ ಉಳಿಯಲಿಲ್ಲ. "ಅಂಗಾರೆ ಜನ ಒಳ್ಳೇರೇ ಬುಡು, ಓಗ್ಬರ್ಲಿ" ಎಂದು ತೀರ್ಪು ಕೊಟ್ಟುಬಿಟ್ಟರು.

ನಾನು ಹಟ ಹಿಡಿದು ಅವಳ ಪೆಟ್ಟಿಗೆಗೆ ತುರುಕಿದ್ದು ಒಂದು ಕಂದು ಬಣ್ಣದ ದಪ್ಪ ಉಣ್ಣೆ ಕೋಟು. "ಬಿಸ್ಲು ದೇಸಕ್ಕೆ ಕಂಬ್ಳಿ ಕೋಟು ಕೊಟ್ಟವ್ಳೆ ನೋಡ್ರವ್ವ ನಮ್ಮ ಮೈಸೂರವ್ಳು!" ಎಂದು ಮುದ್ದಮ್ಮ ಬೀದಿಗೆಲ್ಲ ಸಾರಿದರು. ಆ ಗುಡ್ಡಗಳು ಎಷ್ಟು ಎತ್ತರವೆಂದು, ಸಂಜೆಯಾದರೆ ಎಂಥ ಚಳಿ ಕೊರೆಯುತ್ತದೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅಲ್ಲಿ ಇಳಿದ ದಿನವೇ ಅವಳು ಅದನ್ನು ತೊಟ್ಟಳು. ಆಮೇಲೆ ಅವಳ ಫೋಟೋಗಳಲ್ಲಿ ಮುಖ ಮಸುಕಾದರೂ ಕೋಟು ಮಾತ್ರ ಸ್ಪಷ್ಟ. ಹೆದರಿಕೆಯಿಂದ ಆದ ಉಪಕಾರವೂ ಉಪಕಾರವೇ ಎಂದು ನಾನು ಅಜ್ಜಿಗೆ ಆಗಾಗ ನೆನಪಿಸುವುದುಂಟು.

ಅವಳು ಬರೆಯುವವಳಲ್ಲ, ಮಾತಾಡಿ ಕಳಿಸುವವಳು. ಫೋನಿಗೆ ಬಂದು ಬೀಳುವ ಆ ಧ್ವನಿಗಳಲ್ಲಿ ಮಾತಿಗಿಂತ ಮೊದಲು ಏದುಸಿರು ಕೇಳುತ್ತದೆ, ಕೆಮ್ಮಣ್ಣಿನ ಏರುದಾರಿಯಲ್ಲಿ ಪಟಪಟನೆ ಬೀಳುವ ಹೆಜ್ಜೆ ಕೇಳುತ್ತದೆ, ತಗಡಿನ ಮಾಡಿನ ಮೇಲೆ ಮಳೆ ಕೇಳುತ್ತದೆ, ಯಾರೋ ಮಕ್ಕಳು "ಶೋಬಿ! ಶೋಬಿ!" ಎಂದು ಕರೆಯುವುದು ಕೇಳುತ್ತದೆ. ಹೊಸ ಊರು ಅವಳಿಗೆ ಹೊಸ ಪೀಪಿ ಸಿಕ್ಕ ಮಗುವಿನಂತಾಗಿತ್ತು, ಊದಿದ್ದೇ ಊದಿದ್ದು. ಬಾಳೆಯ ತೋಟಗಳಿವೆ ಅತ್ತಿಗೆ, ಸಂತೆಯಿದೆ, ಸಂತೆಯಲ್ಲಿ ನಮ್ಮ ಮದ್ದೂರಿನವರ ಹಾಗೆಯೇ ಬೆಲೆ ಕೇಳಿದ ಕೂಡಲೇ ಬೆನ್ನು ತಿರುಗಿಸುವ ಹೆಂಗಸರಿದ್ದಾರೆ!

ಅವಳು ಇಳಿದುಕೊಂಡದ್ದು ಸಂಘದ ಹಿರಿಯಳಾದ ಕೆರುಬೊ ಎಂಬಾಕೆಯ ಮನೆಯಲ್ಲಿ. ಮೊದಲ ರಾತ್ರಿ ತಟ್ಟೆಗೆ ಬಿದ್ದದ್ದು ರಾಗಿ ಹಿಟ್ಟು ತೊಳಸಿ ಮಾಡಿದ, ಕಂದು ಬಣ್ಣದ, ಹಬೆಯಾಡುವ ಉಂಡೆ. ಅವರಿಗದು ಉಗಾಲಿ. ಶೋಭಿತಾಳಿಗೆ ಹೆಸರು ಕೇಳುವಷ್ಟು ಸಹನೆಯೆಲ್ಲಿ! ಮುರಿದಳು, ಸಾರಿನಲ್ಲಿ ಹೊರಳಿಸಿದಳು, ಗುಳಕ್ಕನೆ ನುಂಗಿದಳು. ಮಂಡ್ಯದ ಮಗು ಹಾಲುಹಲ್ಲು ಬೀಳುವ ಮುಂಚೆಯೇ ಕಲಿಯುವ ವಿದ್ಯೆ ಅದು. ಮುದ್ದೆಯನ್ನು ಅಗಿಯುವವನು ನಮ್ಮಲ್ಲಿ ಒಂದೋ ಪರವೂರಿನವನು, ಇಲ್ಲವೇ ಕಾಯಿಲೆಯವನು. ಆದರೆ ಅಲ್ಲಿಯ ಜನ ಪ್ರತಿ ತುತ್ತನ್ನೂ ಅಗಿದು ಉಣ್ಣುವವರು. ಕೆರುಬೊ ತನ್ನ ಅತಿಥಿಯ ದವಡೆಯನ್ನೇ ಗಮನಿಸಿದಳು. ಮೂರು ರಾತ್ರಿ ನೋಡಿದಳು. ಪಾಪ, ಈ ಹುಡುಗಿಗೆ ಹಲ್ಲುನೋವು, ಸಂಕೋಚಕ್ಕೆ ಹೇಳುತ್ತಿಲ್ಲ ಎಂದು ನಿಶ್ಚಯಿಸಿ, ಒಂದು ಬೆಳಿಗ್ಗೆ ಅದೇನೋ ಕಹಿಬೇರನ್ನು ಜಜ್ಜಿ ವಸಡಿಗೆ ಒತ್ತಿ, ಬಾಯಿ ತೆರೆಯಬೇಡವೆಂದು ಸನ್ನೆ ಮಾಡಿ, ಕೈಹಿಡಿದು ಪೇಟೆಯ ದವಾಖಾನೆಗೆ ಎಳೆದೊಯ್ದಳು. ಅಲ್ಲಿಯ ನರ್ಸಮ್ಮ ಹಲ್ಲೆಲ್ಲ ತಟ್ಟಿ ನೋಡಿ, ಏನೂ ಆಗಿಲ್ಲವಲ್ಲ ಎಂದ ಮೇಲೆ, ನಾಲಗೆ ಜೋಮು ಹಿಡಿದಿದ್ದ ಶೋಭಿತಾ ಕೈಬಾಯಿ ತಿರುಗಿಸಿ ನುಂಗುವ ಶಾಸ್ತ್ರವನ್ನು ವಿವರಿಸಿದಳಂತೆ. ಆ ರಾತ್ರಿ ಕೆರುಬೊಳ ಮನೆಯಲ್ಲಿ ಊರಿನ ಮಕ್ಕಳೆಲ್ಲ ನೆರೆದು ನುಂಗುವುದನ್ನು ಅಭ್ಯಾಸ ಮಾಡಿದರು. ಎಲ್ಲರ ಗಂಟಲಿಗೂ ಸಿಕ್ಕಿತು, ಯಾರೂ ಸೋಲೊಪ್ಪಲಿಲ್ಲ. ಇದನ್ನು ಕೇಳಿದಾಗ ನಾನು, ಆ ಮಕ್ಕಳ ತಾಯಂದಿರು ಏನೆಂದುಕೊಂಡರೋ ಎಂದು ಬೆವೆತೆ; ಮುದ್ದಮ್ಮ ಕಣ್ಣೀರು ಬರುವಷ್ಟು ನಕ್ಕರು.

ಇಷ್ಟೆಲ್ಲ ಸಂಭ್ರಮದ ನಡುವೆ ಅವಳ ಧ್ವನಿಯಲ್ಲಿ ಒಂದು ಎಳೆ ಮಾತ್ರ ಆಗಾಗ ಸಡಿಲವಾಗುತ್ತಿತ್ತು. ಅದು ಮನೆಯ ನೆನಪಲ್ಲ, ಕಾಲೇಜಿನ ಗೆಳೆಯರದು. ನಿಡಘಟ್ಟದ ನಯನ, ಮಂಡ್ಯದ ಪ್ರಸನ್ನ, ಇವಳು. ಬಯ್ದುಕೊಳ್ಳದೆ ಒಂದು ಮಾತನ್ನೂ ಆಡಲಾರದ ತ್ರಿಮೂರ್ತಿಗಳು. ಗಾಡಿಯ ಬಾಗಿಲಿನಿಂದ ಕೈ ಚಾಚುತ್ತಿದ್ದವಳು ಈ ನಯನ. "ಇಲ್ಲಿ ಎಲ್ರೂ ನನ್ನ ಮರ್ಯಾದೆಯಿಂದ ಮಾತಾಡುಸ್ತಾರೆ ಅತ್ತಿಗೆ. ಲೇ ಅನ್ನೋರೇ ಇಲ್ಲ. ಸಾಕಾಗೋಗೈತೆ" ಎಂದಳೊಮ್ಮೆ. ಪೆಟ್ಟಿಗೆಯೊಳಗೆ ಮಡಿಸಿಟ್ಟ ರೇಷ್ಮೆಸೀರೆಯಂಥ ಮರ್ಯಾದೆ ನಮ್ಮ ಕಡೆಯವರಿಗೆ ಹಬ್ಬಕ್ಕಷ್ಟೇ ಒಗ್ಗುತ್ತದೆ. ದಿನದ ಮೈಗೆ ಒರಟು ಬಟ್ಟೆಯೇ ಬೇಕು. ನಯನಳ ಮೊಣಕೈ ತಿವಿತವಿಲ್ಲದೆ ತನ್ನ ಪಕ್ಕೆಲುಬು ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಎಂದಳು. ಅವಳು ಅತ್ತದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

ನಯನಳಿಗೆ ಮಳವಳ್ಳಿಯ ಕಡೆಯ ಗಂಡು ಗೊತ್ತಾಯಿತು. ಬೇಸಿಗೆಯಲ್ಲಿ, ಮದ್ದೂರಿನ ಛತ್ರದಲ್ಲಿ ಮದುವೆ. ಶೋಭಿತಾಳ ಒಂದು ವರ್ಷವೂ ಅದಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಹಸೆಮಣೆಯಲ್ಲಿ ಪಕ್ಕಕ್ಕೆ ನಿಲ್ಲುವವಳು ತಾನೇ, ಬೀಗರೂಟದಲ್ಲಿ ಮುದ್ದೆ ಬಡಿಸುವವಳೂ ತಾನೇ ಎಂದು ಮಾತು ಕೊಟ್ಟಳು. "ನೀ ಬರ್ನಿಲ್ಲ ಅಂದ್ರೆ ನಾ ತಾಳಿಗೆ ಕತ್ತು ಕೊಡಾಕಿಲ್ಲ ಕಣೆ" ಎಂದಿದ್ದಳು ನಯನ. ವಿಮಾನದ ಟಿಕೀಟೂ ಆಯಿತು.

ತೊಡಕಾದದ್ದು ಮಳೆಯಿಂದ. ಆ ಊರಿನಲ್ಲಿ ರಾಗಿಯನ್ನು ಚೆಲ್ಲಿ ಬಿತ್ತುವುದೇ ವಾಡಿಕೆ. ಮುದ್ದಮ್ಮನ ಜೊತೆ ಗದ್ದೆಗಿಳಿದು ಬೆಳೆದ ಹುಡುಗಿ, ನಮ್ಮಲ್ಲಿಯ ಹಾಗೆ ಮೊದಲು ಮಡಿಯಲ್ಲಿ ಸಸಿಯ ಒಟ್ಲು ಬಿಟ್ಟು, ಪೈರು ಕಿತ್ತು, ಸಾಲಿನಲ್ಲಿ ನೆಟ್ಟು ನೋಡೋಣವೆಂದು ತಿಂಗಳುಗಟ್ಟಲೆ ಅವರ ಬೆನ್ನು ಹತ್ತಿದ್ದಳು. ಹೆಂಗಸರು ನಕ್ಕರು, ವಾದಿಸಿದರು, ಕಡೆಗೆ ಕೆರುಬೊ ಒಪ್ಪಿದಳೆಂದು ಎಲ್ಲರೂ ತಂತಮ್ಮ ಹೊಲದಲ್ಲಿ ಒಂದೊಂದು ಪಟ್ಟಿಯನ್ನು ಇವಳ ಮಾತಿಗೆ ಬಿಟ್ಟರು. ಒಟ್ಲು ಹಸಿರಾಯಿತು. ನೆಡಬೇಕಾದ ಹೊತ್ತಿಗೆ ಮಳೆ ಬರಲಿಲ್ಲ. ಬಂದಾಗ, ನಾಟಿಯ ವಾರವೂ ಮದುವೆಯ ವಾರವೂ ಒಂದೇ ಆಗಿಬಿಟ್ಟಿತು.

ಅಂದು ಬಂದ ಧ್ವನಿಯಲ್ಲಿ ಹೆಜ್ಜೆಯ ಸದ್ದಿರಲಿಲ್ಲ. ಅವಳು ಕೂತು ಮಾತಾಡುತ್ತಿದ್ದಳು. ನನಗೆ ಅಷ್ಟರಲ್ಲೇ ಅರ್ಥವಾಯಿತು. "ನಾನ್ ಹೇಳ್ದೆ ಅಂತ ಒಟ್ಲು ಬುಟ್ಟವ್ರೆ ಅತ್ತಿಗೆ. ಈಗ ನಾನೇ ಎದ್ದು ಬಂದ್ಬುಟ್ರೆ ಪೈರು ಬಲ್ತೋಯ್ತದೆ, ಆ ಪಟ್ಟಿಯೆಲ್ಲ ಈ ಸಲ ಬೀಳು. ಮುಂದಿನ್ ವರ್ಷ ಯಾರ್ ಮಾತ್ನೂ ಕೇಳಾಕಿಲ್ಲ ಅವ್ರು. ನಯನಂಗೆ ಹೆಂಗ್ ಹೇಳ್ಲಿ?"

ಹೇಳಿದಳು. ನಯನ ಉತ್ತರಿಸಿದ್ದನ್ನು ಪ್ರಸನ್ನ ನಮಗೆ ಕೇಳಿಸಿದ: "ಮದ್ವೆ ನಂದು ಕಣೇ, ರಾಗೀದಲ್ಲ! ಆ ಕೆರುಬೊನ್ನೇ ಫ್ರೆಂಡ್ ಮಾಡ್ಕಂಡು ಅಲ್ಲೇ ಇರೋಗು." ಆಮೇಲೆ ಕರೆ ಮಾಡಿದರೆ ಎತ್ತಲಿಲ್ಲ. ಟಿಕೀಟು ಮುಂದಕ್ಕೆ ಹೋಯಿತು, ಶೋಭಿತಾಳ ಮಾತು ಅರ್ಧಕ್ಕರ್ಧ ಇಳಿಯಿತು. ಇಷ್ಟು ವರ್ಷದ ಗೆಳೆತನ ಒಂದು ಹಿಡಿ ಪೈರಿಗೆ ಮುರಿದುಹೋಗುವುದೇ ಎಂದು ನಾನು ನಿದ್ದೆಗೆಟ್ಟೆ.

ಮದುವೆಯ ಬೆಳಿಗ್ಗೆ ಮಗುವನ್ನು ಕಂಕುಳಲ್ಲಿ, ಮುದ್ದಮ್ಮನನ್ನು ಪಕ್ಕದಲ್ಲಿ ಇಟ್ಟುಕೊಂಡು ಛತ್ರಕ್ಕೆ ಹೋದೆ. ಧಾರೆ ಮುಗಿದು, ಮದುಮಗಳು ಸೀರೆ ಬದಲಿಸಲು ಕೋಣೆಗೆ ಬಂದಿದ್ದಾಗ ನನ್ನ ಫೋನು ಅರಚಿಕೊಂಡಿತು. ಪರದೆಯಲ್ಲಿ ಕಂದು ಕೋಟು, ಹಣೆಯ ಮೇಲೆ ಕೆಸರು. ನಯನ ಕಂಡದ್ದೇ ಗೋಡೆಯ ಕಡೆ ತಿರುಗಿದಳು.

"ಮೊಕ ತಿರುಗ್ಸಬ್ಯಾಡ ಕಣವ್ವ, ಹಸೆಮಣೆ ಮ್ಯಾಲೆ ಕುಂತು ಬಂದವ್ಳು" ಎಂದರು ಮುದ್ದಮ್ಮ. "ಬಯ್ಯಂಗಿದ್ರೆ ಬಾಯ್ತುಂಬ ಬಯ್ದ್ಬುಡು. ಒಟ್ಟೆಲಿಟ್ಕಂಡು ಗಂಡನ್ ಮನೆಗೆ ಓಗ್ಬಾರ್ದು."

ನಯನ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. ಬಯ್ದಳು. ಬಾಸಿಂಗ ಅಲುಗುವಂತೆ, ಬಳೆ ಝಣಗುಟ್ಟುವಂತೆ, ಇಲ್ಲಿ ಬರೆಯಲಾಗದ ಹಾಗೆ ಬಯ್ದಳು. ಪರದೆಯಾಚೆ ಶೋಭಿತಾ ಬಾಯಿ ತೆರೆಯದೆ, ಆನಂದದಿಂದ ಕೇಳುತ್ತಿದ್ದಳು. ಬರಗಾಲದಲ್ಲಿ ಮಳೆಗೆ ಮುಖವೊಡ್ಡಿದವಳ ಹಾಗೆ. ಬೈಗುಳ ತೀರಿದ ಮೇಲೆ ನಯನ ಮೂಗು ಒರೆಸಿಕೊಂಡು ಕೇಳಿದಳು:

"ಲೇ, ನೆಟ್ಟಾಯ್ತೇನೆ?"

"ಆಯ್ತಾ ಐತೆ, ನೋಡು!"

ಫೋನು ಅತ್ತ ತಿರುಗಿತು. ಕೆಂಪು ಇಳಿಜಾರು, ಬಗ್ಗಿದ ಬೆನ್ನುಗಳ ಸಾಲು, ಮಳೆ ತೊಳೆದ ಬೆಳಕು. "ನಾಟಿ ಅಂತೆ, ನಾಟಿ!" ಎಂಬ ಕೂಗಿಗೆ ಛತ್ರದ ಹೆಂಗಸರೆಲ್ಲ ರೇಷ್ಮೆಸೀರೆಯ ಸೆರಗು ಎತ್ತಿಕಟ್ಟಿಕೊಂಡು ಕೋಣೆಗೆ ನುಗ್ಗಿದರು. ನಯನಳ ಸೋದರತ್ತೆ ಚಿಕ್ಕಮಾದಮ್ಮ ಪರದೆಗೆ ಮೂಗು ತಾಗಿಸಿ, "ಯಾರವ್ವ ಅದು ಆ ಮೂಲೇಲಿ ಗುತ್ತಿಗುತ್ತಿಯಾಗಿ ನೆಡ್ತಾ ಇರೋಳು? ಬಿಡಿಬಿಡಿಯಾಗಿ ನೆಡಾಕ್ ಹೇಳು, ಗೇಣು ಜಾಗ ಬುಡಾಕ್ ಹೇಳು!" ಎಂದು ಸಮುದ್ರದಾಚೆಗೆ ಕೇಳಿಸುವಂತೆ ಕೂಗಿದರು. ಶೋಭಿತಾ ಅದನ್ನು ಅಲ್ಲಿಯ ಭಾಷೆಗೆ ತಿರುಗಿಸಿದಳು. ನೆಡುತ್ತಿದ್ದವಳು ಕೆರುಬೊ. ಅವಳು ಸೊಂಟ ನೆಟ್ಟಗೆ ಮಾಡಿ, ಫೋನಿನೊಳಗೆ ಇಣುಕಿ ಏನೋ ಅಂದಳು. "ಅಷ್ಟ್ ಚೆನ್ನಾಗ್ ಗೊತ್ತಿದ್ರೆ ಇಳಿದ್ ಬರ್ಲಿ ಅಂತಾವ್ಳೆ ಅತ್ತೆ!" ಎಂದಳು ಶೋಭಿತಾ. "ಊಟ ಆಗ್ಲಿ, ಬತ್ತೀನಿ ಅನ್ನು!" ಎಂದರು ಚಿಕ್ಕಮಾದಮ್ಮ, ಒಂದಿಷ್ಟೂ ಸೋಲದೆ.

ಮದುಮಗಳು ಯಾರೆಂದು ಕೆರುಬೊ ವಿಚಾರಿಸಿದಳಂತೆ. ನಯನ ಮುಖ ತೋರಿಸಿದ್ದೇ, ಹೊಲದ ಹೆಂಗಸರು ಕೆಸರುಗೈ ಎತ್ತಿ, ನಾಲಗೆಯನ್ನು ಅಲುಗಿಸುತ್ತ ಎಳೆದ ಮಂಗಳಧ್ವನಿ ಕೋಣೆಯ ತುಂಬ ಝೇಂಕರಿಸಿತು. ಮಗು ಕೂಡ ಅಳು ಮರೆತು ಬೆರಗಾಯಿತು. ಇಂಥ ಮರ್ಯಾದೆಗೆ ಉತ್ತರ ಕೊಡದೆ ಇರುವುದುಂಟೆ? ಮುದ್ದಮ್ಮ ಗಂಟಲು ಸರಿಮಾಡಿಕೊಂಡು ಸೋಬಾನೆಗೆ ಸೊಲ್ಲೆತ್ತಿದರು, ಹಿಂದೆಯೇ ಹತ್ತಾರು ಕೊರಳು ಸೇರಿದವು. ಬಾಗಿಲಲ್ಲಿ ಪ್ರಸನ್ನ, "ಲೇ ನಯನ, ಅಲ್ಲಿ ಗಂಡು ಒಬ್ನೇ ನಿಂತ್ಕಂಡು ಫೋಟೋ ತೆಗಿಸ್ಕೊತಾವ್ನೆ, ಬಾರೇ!" ಎಂದು ಅರಚುತ್ತಿದ್ದ. ಯಾರಿಗೂ ಕೇಳಿಸಲಿಲ್ಲ.

ಮದುವೆಯಾದ ಮರುವಾರ ಶೋಭಿತಾ ನನಗೆ ಧ್ವನಿ ಕಳಿಸಿದಳು. ನನ್ನ ಮಗನ ಮುಡಿ ತೆಗೆಸಲು ಮುತ್ತತ್ತಿಗೆ ಹೋಗುವ ದಿನಕ್ಕೆ ಖಂಡಿತ ಬಂದಿರುತ್ತೇನೆಂದು ಭಾಷೆ ಕೊಟ್ಟಿದ್ದವಳು, ಏರುದಾರಿಯಲ್ಲಿ ಪಟಪಟನೆ ನಡೆಯುತ್ತ, "ಮೊದಲ್ನೇ ಕಳೆ ಕೀಳೋದ್ ಒಂದ್ ಆಗೋಗ್ಲಿ ಅತ್ತಿಗೆ, ಬೈಕೋಬೇಡಿ" ಎಂದಳು. ಬಯ್ದೆ. ನನಗೆ ಬಯ್ಯಲು ಬರುತ್ತದೆಂದು ಅಂದೇ ತಿಳಿದದ್ದು. ಬಯ್ದಾದ ಮೇಲೆ ಮಾತ್ರ, ಯಾಕೋ, ಮೈಯೆಲ್ಲ ಹಗುರಾಗಿ ಹಿಗ್ಗಿದೆ.

ಎಲ್ಲಿಗೆ ಹೋದರೂ ಅಲ್ಲಿ ಯಾರಿಗೋ ಮಾತು ಕೊಟ್ಟುಬಿಡುವ ಜನ ಶೋಭಿತಾಳಂಥವರು. ಮೈ ಒಂದೇ, ಮಾತು ಮಾತ್ರ ಎರಡೂರಿನದು; ಹಾಗಾಗಿ ಒಂದಲ್ಲ ಒಂದು ಕಡೆ ಅವರು ತಪ್ಪಿಬೀಳಲೇಬೇಕು. ಆಗ ಅವರು ಪರರಿಗೆ ಮಾತು ತಪ್ಪುವುದಿಲ್ಲ. ಎಷ್ಟು ಸಿಟ್ಟಾದರೂ ತಮ್ಮನ್ನು ಬಿಟ್ಟುಕೊಡಲಾರರೆಂದು ಯಾರನ್ನು ನಂಬಿರುತ್ತಾರೋ, ಅವರನ್ನೇ ಹುಡುಕಿ ಅವರಿಗೇ ತಪ್ಪುತ್ತಾರೆ. ಅಂಥವರಿಂದ ಒಮ್ಮೆಯೂ ಮೋಸ ಹೋಗದವರು, ಅವರಿಗೆ ಇನ್ನೂ ಮರ್ಯಾದೆಯ ನೆಂಟರಷ್ಟೇ.