ಎಡ ಮಗ್ಗುಲಿನ ಬೆಸುಗೆ

ತಮ್ಮ ಸಿದ್ರಾಮ ದೊಡ್ಡಾಟದ ತಾಲೀಮಿಗೆ ಹೊರಟು, ಓಣಿಯ ತಿರುವಿನಲ್ಲಿ ಅವನ ಚಪ್ಪಲಿಯ ಸಪ್ಪಳ ಅಡಗಿದ ಮೇಲೆಯೇ ಸುಮನಕ್ಕ ಕುಳಿತಲ್ಲಿಂದ ಎದ್ದಳು. ಅವನ ಹೆಂಡತಿ ಸಾವಂತ್ರೆವ್ವ ಆಗಲೇ ಅಟ್ಟಕ್ಕೆ ಏಣಿ ಹಚ್ಚಿದ್ದಳು. ಹಳೆಯ ಕೌದಿಯಲ್ಲಿ ಸುತ್ತಿಟ್ಟಿದ್ದ ರಾಕ್ಷಸ ರಾಜನ ಎದೆಗವಚವನ್ನು ಅವಳು ಮಲಗಿದ ಕೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಇಳಿಸಿ ಪಡಸಾಲೆಯಲ್ಲಿಟ್ಟಳು.

"ಎಷ್ಟ ತಗೀಬೇಕ್ರಿ ಅಕ್ಕಾರ?"

"ಅಂಗಿ ತಂದಿಯೇನ?"

ಸಾವಂತ್ರೆವ್ವ ಗಂಡನ ಅಂಗಿಯನ್ನು ಮಡಿಸಿ ತಂದು ಮುಂದಿಟ್ಟಳು. ಹೋದ ವಾರ ರಾಯಪ್ಪ ಟೇಲರ್ ಅದನ್ನು ಎರಡೂ ಮಗ್ಗುಲು ಹಿಡಿದು ಹೊಲಿದು ಕೊಟ್ಟಿದ್ದ. ಯಾಕೆ, ಏನು ಎಂದು ಒಂದು ಮಾತೂ ಕೇಳಿರಲಿಲ್ಲ. ಹೊಸ ಹೊಲಿಗೆ ಕಾಣಬಾರದೆಂದು ಹುಡುಕಿ ಹುಡುಕಿ ಮಾಸಿದ ದಾರವನ್ನೇ ಹಾಕಿದ್ದ. ಸುಮನಕ್ಕ ಆ ದಾರವನ್ನು ನೋಡಿ, ಅಂಗಿಯನ್ನು ಒಂದು ಗಳಿಗೆ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಕವಚದ ಮೇಲೆ ಹಾಸಿ ನೋಡಿದಳು. ಎರಡು ಬೆರಳು, ಇಲ್ಲ, ಅದಕ್ಕೂ ಸ್ವಲ್ಪ ಹೆಚ್ಚೇ ತೆಗೆಯಬೇಕು.

ಸುಮನಕ್ಕ ಹುಕ್ಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು. ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತೆಂದರೆ ರಟ್ಟಿನ ಕಿರೀಟ, ಬೇಗಡೆಯ ಗದೆ, ರೆಕ್ಕೆ, ಬಾಲ ಎಲ್ಲವೂ ಅವಳ ಕೈಯಿಂದಲೇ ಆಗಬೇಕು. ಮಮದಾಪುರದ ದೊಡ್ಡಾಟದ ಮೇಳದ ಕಟ್ಟಿಗೆಯ ಕವಚಕ್ಕೆ ಗೆದ್ದಲು ಹತ್ತಿದಾಗ, "ಪ್ಲಾಸ್ಟಿಕ್ಕಿನಾಗ ಮಾಡೋಣಲ್ಲೋ, ಹಗರಾಗ್ತೈತಿ" ಎಂದವಳು ಅವಳೇ. ಪೈಪು ತಂದವನು ಸಿದ್ರಾಮ. ಮಮದಾಪುರದಿಂದ ನಾಗನೂರಿನವರೆಗೆ ಹೊಲಗಳಿಗೆ ನೀರಿನ ಪೈಪ್‌ಲೈನ್ ಕೂಡಿಸುವುದೇ ಅವನ ಕೆಲಸ. ಉಳಿದ ತುಂಡುಗಳು ಹಿತ್ತಲಲ್ಲಿ ಬಿದ್ದಿರುತ್ತಿದ್ದವು. ದಪ್ಪ ಪೈಪನ್ನು ಉದ್ದಕ್ಕೆ ಸೀಳಿ, ಕೆಂಡದ ಮೇಲೆ ಹಿಡಿದು, ರೊಟ್ಟಿಯ ಹಿಟ್ಟಿನಂತೆ ಮೆತ್ತಗಾದಾಗ ಅವನ ಎದೆಯ ಮೇಲೆ ಹಸಿ ಗೋಣಿತಟ್ಟು ಹೊದಿಸಿ ಒತ್ತಿದ್ದರು. "ಯಕ್ಕಾ, ಸುಡತೈತಿ" ಎಂದು ಅವನು ಕುಣಿದರೆ, "ರಾಕ್ಷಸ ಅದಿ, ತಡಕೋ" ಎಂದು ಅಕ್ಕ ಒತ್ತಿ ಹಿಡಿದಿದ್ದಳು. ಹೀಗೆ ಎದೆಗೊಂದು, ಬೆನ್ನಿಗೊಂದು. ಬಲಕ್ಕೆ ಕಟ್ಟುವ ಪಟ್ಟಿ, ಎಡಕ್ಕೆ ಕಾಯಂ ಬೆಸುಗೆ. ಎರಡು ಹೋಳು ಕೂಡುವಲ್ಲಿ ಬಿಟ್ಟ ಸಂದಿಯನ್ನು ತುಂಬುವ ಉಪಾಯ ಸಿದ್ರಾಮನದು. ಪೈಪನ್ನೇ ಗರಗಸದಿಂದ ಉಜ್ಜಿ, ಆ ಪುಡಿಯನ್ನು ಪೈಪು ಅಂಟಿಸುವ ಸೊಲ್ಯೂಶನ್ನಿನಲ್ಲಿ ಕಲಸಿ ಮೆತ್ತುವುದು. ಅವತ್ತು ಪುಡಿ ಸಾಲದೆ ಬಂದಾಗ ಸುಮನಕ್ಕ ತನ್ನ ಚೀಲದಲ್ಲಿದ್ದ, ಹಲಗೆಯ ಮೇಲೆ ಬರೆಯುವ ಸಾಲಿ ಖಡುವನ್ನು ಕುಟ್ಟಿ ಬೆರೆಸಿದ್ದಳು. ಬೂದು ಪೈಪಿನ ಮೇಲೆ ಬೆಳ್ಳನೆಯ ಗೆರೆ ಎದ್ದು ಕಂಡಿತ್ತು. "ಅಕ್ಕೋರ ಖಡು ಎಲ್ಲಿ ಹೋದ್ರೂ ಗೆರಿ ಎಳೀತೈತಿ" ಎಂದು ಸಿದ್ರಾಮ ನಕ್ಕಿದ್ದ. ಮೇಲೆ ಬಂಗಾರದ ಬಣ್ಣ ಬಂದು ಗೆರೆ ಮುಚ್ಚಿಹೋಗಿತ್ತು.

ಆ ಕವಚ ತೊಟ್ಟು ಅವನು ಮೂಡಲಗಿಯಲ್ಲಿ ಕುಣಿದದ್ದು ಹೋದ ವರ್ಷದ ಚಳಿಗಾಲದಲ್ಲಿ.

ಈ ವರ್ಷ ಸಂಕ್ರಾಂತಿಯ ಮರುದಿನ ಉಂಡದ್ದೆಲ್ಲ ವಾಂತಿಯಾಗಿ, ಬೆಳಗಾವಿಗೆ ಕರೆದೊಯ್ದರು. ಡಾಕ್ಟರು ಸುಮನಕ್ಕನನ್ನು ಬಾಜೂಕ ಕರೆದು ಹೇಳಿದ್ದರು. ಹೊಟ್ಟೆಯ ಕ್ಯಾನ್ಸರು, ಲಿವರಿಗೂ ಹಬ್ಬಿದೆ. "ಮೂರ್ನಾಲ್ಕು ತಿಂಗಳು ಮೊದಲು ಬಂದಿದ್ದರೆ ಏನಾದರೂ ನೋಡಬಹುದಿತ್ತು" ಎಂದಿದ್ದರು. ಸಿದ್ರಾಮನಿಗೆ ಹೇಳಿದ್ದು ಹೊಟ್ಟೆಯಲ್ಲಿ ಹುಣ್ಣು ಎಂದು. ಸಾವಂತ್ರೆವ್ವನಿಗೂ ಊರಿಗೂ ನಿಜ ಗೊತ್ತಿತ್ತು, ಅವನ ಮುಂದೆ ಮಾತ್ರ ಎಲ್ಲರೂ ಆ ಹುಣ್ಣನ್ನೇ ಹಿಡಿದುಕೊಂಡರು. ಅವನು ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಗೋಕಾಕದ ಕಾಲೇಜಿನ್ಯಾಗ ಆಟ ಐತ್ರಿ. ಕುಣಿಬಹುದೇನ್ರಿ?" ಆ ವಯಸ್ಸಾದ ಡಾಕ್ಟರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ, "ಕುಣೀರಿ" ಎಂದಿದ್ದರು. ಅದೊಂದು ಮಾತಿಗಾಗಿ ಸುಮನಕ್ಕ ಅವರನ್ನು ಮರೆಯುವವಳಲ್ಲ.

ಮನುಷ್ಯರೆಲ್ಲ ಸುಳ್ಳು ಹೇಳಬಹುದು, ಕವಚ ಹೇಳುವುದಿಲ್ಲ. ಅವನ ಮೈಯ ಮೇಲೆಯೇ ಬಿಸಿಬಿಸಿ ಒತ್ತಿ ಮಾಡಿದ ಕವಚ ಅದು. ಈಗ ತೊಟ್ಟರೆ ಗಂಟೆಯೊಳಗಿನ ನಾಲಿಗೆಯಂತೆ ಅವನು ಅದರೊಳಗೆ ಅಲ್ಲಾಡುತ್ತಾನೆ, ತಾನು ಎಷ್ಟು ಕರಗಿದ್ದೇನೆಂದು ಅಲ್ಲೇ ತಿಳಿದುಬಿಡುತ್ತಾನೆ. ಶನಿವಾರ ಆಟ. ಅಷ್ಟರೊಳಗೆ ಅವನಿಗೆ ಗೊತ್ತಾಗದಂತೆ ಕೊಯ್ದು, ಕೂಡಿಸಿ, ಸಂದಿ ತುಂಬಿ, ಮೊದಲಿನಂತೆ ಮಾಡಬೇಕು. ಇದೊಂದು ಆಟವನ್ನಾದರೂ ಅವನು ಹುಣ್ಣಿನ ಮನುಷ್ಯನಾಗಿಯೇ ಕುಣಿಯಲಿ.

ಸುಮನಕ್ಕ ಪಾಲಿಶ್ ಪೇಪರಿನಿಂದ ಎಡ ಮಗ್ಗುಲಿನ ಬಣ್ಣ ಉಜ್ಜತೊಡಗಿದಳು. ಬಂಗಾರ ಪುಡಿಪುಡಿಯಾಗಿ ಸೆರಗಿನ ಮೇಲೆ ಉದುರಿತು. ಕೆಳಗೆ ಬೂದು ಬಣ್ಣ ಕಂಡಿತು. ಇನ್ನಷ್ಟು ಉಜ್ಜಿದಳು. ಮತ್ತೂ ಬೂದು.

ಬಿಳಿಯ ಗೆರೆ ಎಲ್ಲಿ?

ಕನ್ನಡಕ ಒರೆಸಿಕೊಂಡು ಕವಚವನ್ನು ಬಾಗಿಲ ಬೆಳಕಿಗೆ ಒಯ್ದಳು. ಬೆಸುಗೆ ಇತ್ತು. ಆದರೆ ಅದರಲ್ಲಿ ಖಡು ಇರಲಿಲ್ಲ. ಬರೀ ಪೈಪಿನ ಪುಡಿ. ತೆಳ್ಳಗೆ ಒಂದರ ಮೇಲೊಂದು ಪದರು ಹಚ್ಚಿ, ನೀರು ಹಾಕಿ ಉಜ್ಜಿ, ಉಗುರು ಎಳೆದರೂ ತಡೆಯದಂತೆ ಮಾಡಿದ ಕೆಲಸ. ಮಮದಾಪುರದಲ್ಲಿ ಹಾಗೆ ಸಂದಿ ತುಂಬುವ ಕೈ ಒಂದೇ.

"ಸಾವಂತ್ರಿ, ಇದನ್ನ ನಡುವ ಯಾರರ ಇಳಿಸಿದ್ರೇನ?"

"ದೀಪಾವಳಿ ಮುಂದ ಇವರ ಇಳಿಸಿದ್ರಲ್ರಿ. ಹುಳಾ ಹತ್ತೈತೇನ ನೋಡ್ತೇನಿ ಅಂತ ಹಿತ್ತಲಕ ಒಯ್ದ್ರು. ಪ್ಲಾಸ್ಟಿಕ್ಕಿಗೆ ಹುಳಾ ಹತ್ತತೈತೇನ್ರಿ ಅಂತ ನಾ ನಕ್ಕಿದ್ದೆ." ಸಾವಂತ್ರೆವ್ವ ಈಗಲೂ ನೆನೆದು ನಕ್ಕಳು. "ಯಾಕ್ರಿ?"

"ಏನಿಲ್ಲ. ಸ್ವಚ್ಛ ಇಟ್ಟಾನ."

ದೀಪಾವಳಿ. ಡಾಕ್ಟರು ಹೇಳಿದ ಮೂರ್ನಾಲ್ಕು ತಿಂಗಳು ಸುಮನಕ್ಕನ ತೊಡೆಯ ಮೇಲೆ ಬಂದು ಕುಳಿತವು. ಅಂದೇ ಅವನು ಇದನ್ನು ತೊಟ್ಟು ನೋಡಿದ್ದಾನೆ, ಸಡಿಲಾಗಿದ್ದು ಕಂಡಿದ್ದಾನೆ, ಯಾರಿಗೂ ಹೇಳದೆ ಕೊಯ್ದು ಕೂಡಿಸಿ ಮೇಲಕ್ಕೆ ಇಟ್ಟಿದ್ದಾನೆ. ಈ ಹೆಣ್ಣುಮಗಳು ನಗುತ್ತ ನೋಡುತ್ತಿದ್ದಳು. ಇದನ್ನು ಅವಳಿಗೆ ಹೇಳುವುದೆಂದರೆ, ಉಳಿದ ಆಯುಷ್ಯಪೂರ್ತಿ ಆ ನಗುವನ್ನು ಅವಳ ಎದೆಗೆ ಚುಚ್ಚಿಕೊಟ್ಟಂತೆ. ಸುಮನಕ್ಕ ಗರಗಸದ ಬ್ಲೇಡು ತೆಗೆದುಕೊಂಡು ತಮ್ಮನ ಬೆಸುಗೆಯ ಮಗ್ಗುಲಿಗೇ ಕೊಯ್ಯತೊಡಗಿದಳು. ಸಾವಂತ್ರೆವ್ವ ಬಂದು ಕವಚವನ್ನು ಒತ್ತಿ ಹಿಡಿದಳು.

ಕೊಯ್ದ ಪಟ್ಟಿಯನ್ನು ಎಸೆಯಲು ಮನಸ್ಸು ಬರದೆ ಸುಮನಕ್ಕ ತನ್ನ ಚೀಲಕ್ಕೆ ಸೇರಿಸಿದಳು. ಪುಡಿ ಉಜ್ಜಿದಳು, ಕಲಸಿದಳು. ಸಂದಿಗೆ ಒಮ್ಮೆಲೇ ತುಂಬಬಾರದು. ಮೇಲೆ ಒಣಗಿ ಒಳಗೆ ಹಸಿ ಉಳಿದರೆ ಕುಣಿಯುವಾಗ ಬಿರಿಯುತ್ತದೆ. ಇದನ್ನು ಅವಳಿಗೆ ಕಲಿಸಿದವನೂ ಅವನೇ. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಿದಳು. ಪೂರ್ತಿ ಒಣಗಿದ ಮೇಲೆ, ನಾಳೆ ಬಂಗಾರದ ಬಣ್ಣ.

ಸೊಲ್ಯೂಶನ್ನಿನ ವಾಸನೆ ಮನೆಯೆಲ್ಲ ತುಂಬಿತು. ಪೈಪಿನ ಮನುಷ್ಯನಿಗೆ ಆ ವಾಸನೆ ಹೊಸ್ತಿಲಲ್ಲೇ ತಿಳಿಯುತ್ತದೆ. ಸಾವಂತ್ರೆವ್ವ ಕವಚವನ್ನು ಹಿತ್ತಲ ಕೋಣೆಗೆ ಸಾಗಿಸಿ, ಒಲೆ ಹೊತ್ತಿಸಿ, ಬಾಣಲೆಗೆ ಒಣಮೆಣಸಿನಕಾಯಿ ಸುರಿದಳು. ಬಾಜೂಮನೆಯ ಸೀತವ್ವ ಕೆಮ್ಮುತ್ತ ಕೂಗಿದಳು: "ಏನ ಸಾವಂತ್ರಿ, ಓಣ್ಯಾನ ಮಂದೀನ ಓಡಸ್ತಿಯೇನ?" ಅಷ್ಟರಲ್ಲಿ ಸಿದ್ರಾಮ ಬಂದು, ಸೀನಿ, ಕಣ್ಣೊರೆಸಿಕೊಂಡು, "ರಾಕ್ಷಸನ್ನ ಕೊಲ್ಲಾಕ ಇಷ್ಟ ಖಾರ ಬೇಕೇನ?" ಎಂದ. ಮೂವರೂ ಕಣ್ಣೊರೆಸಿಕೊಂಡರು. ಮೆಣಸಿನಕಾಯಿ ಎಲ್ಲರಿಗೂ ಅನುಕೂಲವೇ ಆಯಿತು.

ಶನಿವಾರ ಮಧ್ಯಾಹ್ನ ಕಾಲೇಜಿನವರು ಒಂದು ತರಗತಿಯ ಬೆಂಚುಗಳನ್ನು ಸರಿಸಿ ಬಣ್ಣ ಹಚ್ಚಲು ಜಾಗ ಮಾಡಿಕೊಟ್ಟಿದ್ದರು. ಮೇಳದ ಮಾಸ್ತರ ಮುರಿಗೆಪ್ಪ ಸಭಾಂಗಣ ನೋಡಿ ಬಂದು, ಯಾರ ಮುಖವನ್ನೂ ನೋಡದೆ ಹೇಳಿದ:

"ಸಿದ್ರಾಮ, ಮೊದಲ ಪ್ರವೇಶದಾಗ ಜಿಗಿಯೂದು ಬ್ಯಾಡ. ಸ್ಟೇಜಿನ ಹಲಗಿ ಸಡ್ಲ ಅದಾವು."

"ಸಿಮೆಂಟಿನ ಸ್ಟೇಜಿನಾಗ ಹಲಗಿ ಎಲ್ಲಿಂದ ಬಂದ್ವೋ ಮಾಸ್ತರ?"

ಮಂತ್ರಿಯ ಪಾತ್ರದ ವಿಶಾಲ, ಮೂವತ್ತರ ದಪ್ಪ ಆಳು, ಕೂಡಲೇ ಅಂದ: "ಹಲಗಿ ಅಲ್ರಿ ಕಾಕಾ, ಫರಶಿ ಕಲ್ಲ. ಜಾರ್ತಾವ. ನಾನ ಆಗಳೆ ಬೀಳೂದಿತ್ತು."

"ನೀ ಬಿದ್ರ ಫರಶಿಗೆ ಪೆಟ್ಟ ಆಕ್ಕೈತಿ" ಎಂದ ಸಿದ್ರಾಮ. ಎಲ್ಲರೂ ನಕ್ಕರು. ಮುರಿಗೆಪ್ಪ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಕವಚ ತೊಡಿಸಿದವಳು ಸುಮನಕ್ಕ. ಬಲಕ್ಕೆ ಪಟ್ಟಿ ಬಿಗಿದಳು. ಕವಚ ಅಲ್ಲಾಡಲಿಲ್ಲ. ಸಿದ್ರಾಮ ಉಸಿರೆಳೆದು ಎದೆಯುಬ್ಬಿಸಿದ. ಆಮೇಲೆ ಅವನ ಬಲಗೈಯ ಹೆಬ್ಬೆರಳು ತಾನಾಗಿಯೇ ಎಡ ಮಗ್ಗುಲಿಗೆ ಹೋಯಿತು. ಹೊಲದಲ್ಲಿ ಪೈಪು ಕೂಡಿಸಿದ ಮೇಲೆ ಬೆಸುಗೆಯನ್ನು ಸವರಿ ನೋಡುವ ಅವನ ರೂಢಿ. ಹೆಬ್ಬೆರಳು ಮೇಲಿಂದ ಕೆಳಗೆ ಬಂತು, ನಡುವೆ ನಿಂತಿತು. ಸುಮನಕ್ಕ ಅವನ ಹಣೆಯ ನಾಮ ತಿದ್ದುವವಳಂತೆ ಮುಖ ಎತ್ತಿದಳು. ಕರಿ, ಕೆಂಪು ಬಣ್ಣದ ನಡುವೆ ಅವನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

"ಬರೋಬ್ಬರಿ ಕುಂತೈತಿ ಅಕ್ಕಾ" ಎಂದ.

ಆಟ ಶುರುವಾಯಿತು. ಮದ್ದಳೆಯ ಅಲ್ಲಪ್ಪ ಜೀವಮಾನದಲ್ಲಿ ಯಾರಿಗಾಗಿಯೂ ತಾಳ ನಿಧಾನ ಮಾಡಿದವನಲ್ಲ. ಅಂದು ಪ್ರತಿ ಕುಣಿತದ ಕೊನೆಗೆ ಎರಡು ಪೆಟ್ಟು ಹೆಚ್ಚು ಬಾರಿಸಿ ಸಿದ್ರಾಮನಿಗೆ ಉಸಿರಾಡಲು ಎಡೆ ಮಾಡಿಕೊಟ್ಟ. ಮುಂದಿನ ಸಾಲಿನ ಹುಡುಗಿಯರು ರಾಕ್ಷಸ ಘರ್ಜಿಸಿದಾಗ ನಿಜವಾಗಿಯೂ ಬೆಚ್ಚಿದರು. ಮಾಸ್ತರ ಜಿಗಿಯಬೇಡವೆಂದಲ್ಲೇ ಸಿದ್ರಾಮ ಜಿಗಿದ. ಸುಮನಕ್ಕ ಮಗ್ಗುಲ ಪರದೆಯ ಹಿಂದೆ ನಿಂತು ಅವನ ಮುಖ ನೋಡಲಿಲ್ಲ, ಕುಣಿತ ನೋಡಲಿಲ್ಲ. ಎಡ ಮಗ್ಗುಲನ್ನಷ್ಟೇ ನೋಡಿದಳು. ಬೆಸುಗೆ ಬಿರಿಯಲಿಲ್ಲ.

ಆಟ ಮುಗಿದು ಉಳಿದವರೆಲ್ಲ ಉಪ್ಪಿಟ್ಟಿಗೆ ಹೋದರು. ಸಾವಂತ್ರೆವ್ವ ಗಂಡನಿಗೆ ಗಂಜಿ ಕಾಯಿಸಿಕೊಂಡು ಬರಲು ಕಾಲೇಜಿನ ಅಡುಗೆಮನೆಗೆ ಹೋಗಿದ್ದಳು. ಅಕ್ಕ ತಮ್ಮ ಇಬ್ಬರೇ. ಸುಮನಕ್ಕ ಪಟ್ಟಿ ಬಿಚ್ಚಿ ಕವಚ ತೆಗೆದಳು. ಅಂಗಿ ಬೆವರಿಗೆ ಅಂಟಿ ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು.

"ಕೊಯ್ದ ಪಟ್ಟಿ ಎಲ್ಲಿ ಇಟ್ಟಿ?" ಎಂದ ಸಿದ್ರಾಮ.

"ಯಾವ ಪಟ್ಟಿ?"

"ಚೆಲ್ಲಿಲ್ಲಲಾ?"

ಅವಳು ಚೀಲದ ಮೇಲೆ ಕೈ ಇಟ್ಟಳು.

"ನಾ ಕೊಯ್ದದ್ದು ನನ್ನ ಪಾನಾ ಪೆಟಗ್ಯಾಗ ಐತಿ. ಗರಗಸದ ಕೆಳಗ. ಎರಡೂ ಒಂದ ಕಡೆ ಇಡು. ಮುಂದಿನ ವರ್ಷ ವಿಶಾಲನ ಈ ಪಾತ್ರ ಮಾಡ್ತಾನ. ಅವನ ಮೈಗೆ ಬೆಸಗಿ ಬಿಚ್ಚಿ ಎರಡೂ ಪಟ್ಟಿ ಸೇರಿಸಬೇಕಾಕ್ಕೈತಿ. ಸಂದಿ ನೀನ ತುಂಬು. ಅವಸರ ಮಾಡಬ್ಯಾಡ, ತೆಳ್ಳಗ ಹಚ್ಚು."

"ದೀಪಾವಳಿಗೇ ಯಾಕ ಹೇಳ್ಲಿಲ್ಲೋ?" ಎಂದಳು.

ಅವನು ಬಣ್ಣದ ಮುಖವನ್ನು ಕೆಳಗೆ ಮಾಡಿದ. "ದಣಿವು ಅಂತ ತಿಳದೆ ಅಕ್ಕಾ. ಕಬ್ಬಿನ ಹೊಲದ ಕೆಲಸ ಭಾಳ ಇತ್ತು. ಸೋರೂ ಪೈಪಿಗೆ ತೇಪಿ ಹಚ್ಚಿದಂಗ ಹಚ್ಚಿ ಇಟ್ಟಬಿಟ್ಟೆ. ಒಳಗ ಒಡದೈತಿ ಅಂತ ಗೊತ್ತಾಗಲಿಲ್ಲ."

ಹೊರಗೆ ಸಾವಂತ್ರೆವ್ವನ ಬಳೆಯ ಸಪ್ಪಳ ಕೇಳಿತು.

"ಆಕಿ ಮುಂದ ಹುಣ್ಣಂತನ ಇರಲಿ" ಎಂದ ಅವನು ಬೇಗ. "ನನಗ ಗೊತ್ತಿಲ್ಲ ಅಂತ ಆಕಿಗೆ ಸಮಾಧಾನ ಐತಿ."

ಸಾವಂತ್ರೆವ್ವ ಗಂಜಿಯ ಲೋಟ ಹಿಡಿದು ಒಳಗೆ ಬಂದಳು. ಅಡುಗೆಯವಳು ಕೇಳದೆಯೇ ತುಪ್ಪ ಹಾಕಿದ್ದಾಳೆಂದು ಹೇಳುತ್ತ, ಕವಚ ನೋಡಿ ಅಕ್ಕನ ಕಡೆ ಕಣ್ಣಿನಲ್ಲೇ ಕೇಳಿದಳು. ಸುಮನಕ್ಕ ತಲೆಯಾಡಿಸಿದಳು. ಏನೂ ಗೊತ್ತಾಗಿಲ್ಲ ಅವನಿಗೆ, ಎಂದು. ಸಾವಂತ್ರೆವ್ವನ ಮುಖ ಅರಳಿತು. ಸಿದ್ರಾಮ ಲೋಟಕ್ಕೆ ಮುಖ ಹುದುಗಿಸಿ ಕುಡಿದ.

ಸಂಜೆ ಮಮದಾಪುರಕ್ಕೆ ಮರಳಿದ ಮೇಲೆ ಸುಮನಕ್ಕ ತಮ್ಮನ ಹತ್ಯಾರುಗಳ ಪಾನಾ ಪೆಟ್ಟಿಗೆ ತೆರೆದಳು. ಗರಗಸದ ಕೆಳಗೆ ಅರಿವೆಯಲ್ಲಿ ಸುತ್ತಿದ ಪಟ್ಟಿ ಇತ್ತು. ಬೂದು ಪಟ್ಟಿಯ ನಡುವೆ ಮೇಲಿಂದ ಕೆಳಗಿನವರೆಗೆ ಅವಳದೇ ಖಡುವಿನ ಬಿಳಿಯ ಗೆರೆ. ತನ್ನ ಚೀಲದಲ್ಲಿದ್ದ ಪಟ್ಟಿಯನ್ನು ತೆಗೆದು ಅದರ ಮಗ್ಗುಲಿಗಿಟ್ಟಳು. ಎರಡೂ ಸೇರಿ ಅವಳ ಅಂಗೈಯಷ್ಟು ಅಗಲವಾದವು. ಒಳಗಿನ ಕೋಣೆಯಿಂದ ಸಿದ್ರಾಮ ಕೂಗಿದ: "ಯಕ್ಕಾ, ಸಿಕ್ತೇನ?"

"ಸಿಕ್ತೋ" ಎಂದು, ಅವಳು ಎರಡನ್ನೂ ಅದೇ ಅರಿವೆಯಲ್ಲಿ ಸುತ್ತಿದಳು.