ಶೀಟಿನ ಮೂಲೆಯ ಗಂಟು

ಆ ಲಾಂಡ್ರಿಯಲ್ಲಿ ಹೆಂಗಸರು ಎಂಟು ಜನ. ಕಾರ್ಡು ಒಂದೇ.

ದೊಡ್ಡಾಸ್ಪತ್ರೆ ಅಂದರೆ ಖಾಸಗಿಯವರದು. ಅದರ ಹೊಲಸೆಲ್ಲ ಅಲ್ಲಿಗೇ ಬರುತ್ತಿತ್ತು. ಬೆಳಗ್ಗೆ ಆರಕ್ಕೆ ವ್ಯಾನು ಬಂದು ಮೂಟೆಗಳನ್ನು ಉರುಳಿಸಿ ಹೋಗುತ್ತಿತ್ತು. ರಕ್ತದ ಶೀಟು, ಕೀವಿನ ಶೀಟು, ವಾಂತಿಯ ಶೀಟು. ಒಂದೊಂದು ಸಲ ಮಡಿಕೆಯೊಳಗೆ ಸೂಜಿ ಇರುತ್ತಿತ್ತು. ಇದೆ ಅಂತ ಗೊತ್ತಾಗುತ್ತಿದ್ದದ್ದು ಚುಚ್ಚಿದ ಮೇಲೆಯೇ. ಬ್ಲೀಚಿಂಗ್ ಪುಡಿ ಕಲಸಿ ಕಲಸಿ ಬೆರಳ ಸಂದಿಗಳೆಲ್ಲ ಬಾಯಿ ಬಿಟ್ಟಿದ್ದವು. ಶೀಟು ಬೆಳ್ಳಗಾಯಿತಾ ಎಂದು ಓನರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ. ಕೈಗೆ ಏನಾಯಿತು ಎಂದು ಒಂದು ಸಲವೂ ಕೇಳಿದವನಲ್ಲ.

ಒಂದು ನೀರಿಗೆ ಕಲೆ ಹೋಗದ ಶೀಟಿನ ಮೂಲೆಗೆ ಅವರು ಗಂಟು ಹಾಕುತ್ತಿದ್ದರು. ಇದು ಇನ್ನೂ ಹೊಲಸು, ಬೇರೆ ಹಾಕಿ, ಮತ್ತೆ ಕುದಿಸಿ ಎಂದು ಅದರ ಅರ್ಥ. ಮಷೀನಿನ ಸದ್ದಿನಲ್ಲಿ ಮಾತು ಕೇಳಿಸದು, ಗಂಟು ಕಾಣಿಸುತ್ತದೆ. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಬಿಗಿದರೆ ಮಷೀನಿನಲ್ಲಿ ಹೊರಳಾಡಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಅದನ್ನು ಎಲ್ಲರಿಗೂ ಕಲಿಸಿದವಳು ದೊಡ್ಡಕ್ಕ.

ದೊಡ್ಡಕ್ಕ ಅಲ್ಲಿ ಎಲ್ಲರಿಗಿಂತ ಹಳಬಳು. ಗಂಡ ಸತ್ತು ಎಂಟು ವರ್ಷವಾಗಿತ್ತು. ಕಾರ್ಡು ಇದ್ದದ್ದು ಅವಳ ಹೆಸರಿನಲ್ಲಿ. ಅದನ್ನು ತೋರಿಸಿದರೆ ದೊಡ್ಡಾಸ್ಪತ್ರೆಯಲ್ಲಿ ಕೈಯಿಂದ ಕೊಡದೆ ಔಷಧಿ, ಹಾಸಿಗೆ, ಆಪರೇಷನ್ ಎಲ್ಲ ಸಿಗುತ್ತಿತ್ತು. ಖರ್ಚು ಇನ್ಶೂರೆನ್ಸಿನದು.

"ನಮಗೆಲ್ಲ ಯಾವಾಗ ಮಾಡಿಸ್ತೀರಾ?" ಎಂದು ಅವರಲ್ಲೊಬ್ಬಳು, ಕುಳ್ಳಿ, ಒಮ್ಮೆ ಓನರನ್ನು ಕೇಳಿದ್ದಳು.

"ಮಾಡ್ಸಿದೀನಲ್ಲೇ! ಕಾರ್ಡು ಇಡೀ ಲಾಂಡ್ರಿದು. ಹೆಸರು ಮಾತ್ರ ದೊಡ್ಡಕ್ಕಂದು. ಮನೆಗೊಂದು ರೇಷನ್ ಕಾರ್ಡು ಇರಲ್ವಾ? ಹಾಗೇ ಇದು. ಕೌಂಟರಲ್ಲಿ ಸುಮ್ಮನೆ ಅವಳ ಹೆಸರು ಹೇಳಿ, ಆಯ್ತು."

ಪ್ರತಿ ವಾರ ಎಂಟೂ ಜನರ ಕೂಲಿಯಲ್ಲಿ ಕಾರ್ಡಿಗೆಂದು ಹಿಡಿಯುತ್ತಿದ್ದ. ಎಂಟೂ ಜನ ನಂಬಿದರು. ನಂಬದೆ ಏನು ಮಾಡುತ್ತಾರೆ? ಹೋದರೆ ಔಷಧಿ ಸಿಗುತ್ತಿತ್ತಲ್ಲ.

ಕಾರ್ಡು ಒಂದು ಹಳೇ ಸೋಪಿನ ಡಬ್ಬಿಯಲ್ಲಿ, ಬಾಯ್ಲರಿನ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಹಬೆ ಕುಡಿದು ಕುಡಿದು ಅದರ ಫೋಟೋ ಯಾರ ಮುಖವೂ ಆಗಬಹುದಾದಷ್ಟು ಮಸುಕಾಗಿತ್ತು. ಹುಷಾರಿಲ್ಲದವಳು ಡಬ್ಬಿ ಇಳಿಸಿಕೊಂಡು, ದೊಡ್ಡಕ್ಕನ ಹೆಸರು, ಹುಟ್ಟಿದ ವರ್ಷ, ಗಂಡನ ಹೆಸರು ಬಾಯಿಪಾಠ ಒಪ್ಪಿಸಿ ಹೊರಡುತ್ತಿದ್ದಳು.

"ಆ ಸತ್ತ ಮುದುಕನ ಹೆಸರನ್ನ ಎಂಟು ಜನ ಹೆಂಡ್ತೀರು ಜಪ ಮಾಡ್ತಿದೀವಿ," ಎಂದು ಬಾಯಾಳಿ ಎಲ್ಲರನ್ನೂ ನಗಿಸುತ್ತಿದ್ದಳು. "ಮೇಲೆ ಕೂತು ಮೀಸೆ ತಿರುವ್ತಿರ್ತಾನೆ ನೋಡು."

ಬಾಯಾಳಿಯ ಹೆರಿಗೆಯೂ ಆ ಕಾರ್ಡಿನಲ್ಲೇ ಆದದ್ದು. ಅವಳಿ ಮಕ್ಕಳು.

"ಗಂಡ ಹೋಗಿ ನಾಲ್ಕು ವರ್ಷಕ್ಕೆ ಅವಳಿ ಹೆತ್ತಿದೀನಿ ಕಣ್ರೇ," ಎಂದು ದೊಡ್ಡಕ್ಕ ಶೀಟು ಹಿಂಡುತ್ತಾ ಹೇಳುತ್ತಿದ್ದಳು. "ಕಾಗದದಲ್ಲಿ ನಾನೆಂಥಾ ಗಟ್ಟಿಗಿತ್ತಿ!"

ಕುಳ್ಳಿಗೆ ಎರಡು ವರ್ಷದ ಹಿಂದೆ ಅಪೆಂಡಿಕ್ಸ್ ಆಗಿತ್ತು. ಅದನ್ನು ಕೊಯ್ದು ತೆಗೆದದ್ದೂ ಅದೇ ಕಾರ್ಡಿನಲ್ಲಿ. ಆಗ ದೊಡ್ಡಕ್ಕ ರೋಗಿಯ ತಂಗಿ ಅಂತ ಹೇಳಿಕೊಂಡು ವಾರ್ಡಿಗೆ ಬಂದಿದ್ದಳು. "ನನ್ನನ್ನ ನಾನೇ ನೋಡ್ಕೊಂಡು ಹೋಗೋಣ ಅಂತ ಬಂದೆ ಕಣೇ," ಎಂದು ಕಿವಿಯಲ್ಲಿ ಉಸುರಿದ್ದಳು. ಕುಳ್ಳಿಗೆ ನಗು ತಡೆಯಲಾಗದೆ ಹೊಲಿಗೆ ನೋಯಿತು.

ಆಗೆಲ್ಲ ಆಸ್ಪತ್ರೆಯವರು ಯಾರೂ ಮುಖ ನೋಡುತ್ತಿರಲಿಲ್ಲ. ಇನ್ಶೂರೆನ್ಸಿನಿಂದ ದುಡ್ಡು ಬರುತ್ತಿತ್ತು. ಬರುವ ದುಡ್ಡಿಗೆ ಮುಖ ಯಾಕೆ?

ಆ ದಿನ ಬೆಳಗ್ಗೆ ದೊಡ್ಡಕ್ಕ ಇಸ್ತ್ರಿ ಮಷೀನಿನ ಪಕ್ಕದಲ್ಲಿ ಕುಸಿದಳು. ಎರಡು ದಿನದಿಂದ ಹೊಟ್ಟೆ ಹಿಡಿದುಕೊಂಡೇ ದುಡಿದಿದ್ದಳು. ಕುಳ್ಳಿ, ಬಾಯಾಳಿ ಇಬ್ಬರೂ ಅವಳನ್ನು ಹೊತ್ತುಕೊಂಡು ದೊಡ್ಡಾಸ್ಪತ್ರೆಗೆ ಬಂದರು. ಡಾಕ್ಟರು ತಳ್ಳುಮಂಚದ ಮೇಲೆ ಮಲಗಿಸಿ ಹೊಟ್ಟೆಯ ಬಲಗಡೆ ಒತ್ತಿದ. ದೊಡ್ಡಕ್ಕ ಕಿರುಚಿದಳು.

"ಅಪೆಂಡಿಕ್ಸು. ಒಡೆಯೋ ಹಂತಕ್ಕೆ ಬಂದಿದೆ. ಇವತ್ತೇ ಕೊಯ್ಯಬೇಕು. ಕೌಂಟರಲ್ಲಿ ಕಾರ್ಡು ಕೊಟ್ಟು ಬನ್ನಿ."

ಆ ರೋಗದ ಹೆಸರು ಕೇಳಿದ್ದೇ ಕುಳ್ಳಿಯ ಕೈ ತನ್ನ ಹೊಟ್ಟೆಯ ಮೇಲಿನ ಗಾಯದ ಗೆರೆಗೆ ಹೋಯಿತು.

ಕೌಂಟರಿನವನು ಕಾರ್ಡಿನ ನಂಬರು ಒತ್ತಿದ. ಕಂಪ್ಯೂಟರು ನೋಡಿದ. ಇನ್ನೊಮ್ಮೆ ನೋಡಿದ.

"ಇವರ ಅಪೆಂಡಿಕ್ಸು ಎರಡು ವರ್ಷದ ಹಿಂದೇನೇ ತೆಗೆದಾಗಿದೆಯಲ್ಲಮ್ಮ?"

"ಒಳಗೇ ಇದೆ ಅಂತ ಡಾಕ್ಟರೇ ಹೇಳಿದ್ರಲ್ಲ ಸಾರ್," ಎಂದಳು ಬಾಯಾಳಿ.

"ಡಾಕ್ಟರ್ ಹೊಟ್ಟೆ ನೋಡ್ತಾರೆ. ನಾನು ಕಂಪ್ಯೂಟರ್ ನೋಡ್ತೀನಿ. ಇಲ್ಲಿ ಇಲ್ಲ."

"ಹೊಟ್ಟೇಲಿ ಇದೆಯಲ್ಲ!"

"ಹೊಟ್ಟೇಲಿ ಇದ್ರೆ ನೀವೇ ಅಡ್ವಾನ್ಸ್ ಕಟ್ಟಿ. ಒಂದು ಸಲ ತೆಗೆದದ್ದಕ್ಕೆ ಎರಡನೇ ಸಲ ಇನ್ಶೂರೆನ್ಸ್ ಬರಲ್ಲ. ಮುಂದಿನವರು ಬನ್ನಿ."

ಕುಳ್ಳಿಗೆ ಗೊತ್ತಿತ್ತು. ಒಂದು ಮಾತು ಸಾಕಿತ್ತು: ತೆಗೆದದ್ದು ನಂದು, ಅವಳದಲ್ಲ. ಆದರೆ ಅದಕ್ಕೂ ಮೊದಲು ಓನರಿಗೆ ಫೋನ್ ಮಾಡಿದಳು.

"ಸುಮ್ಮನಿರೇ ಮಾರಾಯ್ತಿ!" ಎಂದು ಅತ್ತ ಕಡೆಯಿಂದ ಓನರು ಹಲ್ಲು ಕಚ್ಚಿ ಹೇಳಿದ. "ಆಪರೇಷನ್ ಆಗಿದ್ದು ನಂದು ಅಂತ ಬಾಯಿ ಬಿಟ್ಯೋ, ಮೋಸದ ಕೇಸು. ಪೊಲೀಸು, ಜೈಲು. ಇಂಥವಳ ಮುಖಾನೇ ನೋಡಿಲ್ಲ ಅಂತೀನಿ ನಾನು. ನಿನ್ನ ಹೆಸರು ನನ್ನ ಯಾವ ಬುಕ್ಕಲ್ಲೂ ಇಲ್ಲ, ತಿಳ್ಕೋ."

"ವಾರವಾರ ಹಿಡೀತೀರಲ್ಲ ಅಣ್ಣ, ಕಾರ್ಡಿಗೆ ಅಂತ?"

ಫೋನು ಕಟ್ಟಾಯಿತು.

ಕುಳ್ಳಿಯ ಮಗಳಿಗೆ ಐದು ವರ್ಷ. ಜೈಲಿಗೆ ಹೋದರೆ ಅದನ್ನು ಯಾರು ನೋಡುತ್ತಾರೆ? ಅವಳು ಬೆಂಚಿನ ಮೇಲೆ ಕೂತಳು. ಎದುರಿಗೇ ತಳ್ಳುಮಂಚ. ದೊಡ್ಡಕ್ಕ ಮೊಣಕಾಲು ಎದೆಗೆ ಎಳೆದುಕೊಂಡು ಮುದುರಿ ಬಿದ್ದಿದ್ದಳು. ವಾಂತಿ ಮಾಡಿಕೊಂಡಳು. ಹಸಿರು ವಾಂತಿ. ಆ ಸಂಕಟದಲ್ಲೂ ಅವಳ ಕೈ ಶೀಟಿನ ತುದಿ ಹುಡುಕಿ ಏನೋ ಮಾಡುತ್ತಿತ್ತು. ಕುಳ್ಳಿ ಮುಖ ತಿರುಗಿಸಿದಳು. ನೋಡಲಾಗಲಿಲ್ಲ. ಹಾಗೆಯೇ ಎರಡು ಗಂಟೆ ಕೂತಳು. ಎರಡು ಗಂಟೆ, ಬಾಯಿಗೆ ಹೊಲಿಗೆ ಹಾಕಿದವಳಂತೆ.

ಬಾಯಾಳಿ ಮಾತ್ರ ಸಿಕ್ಕವರ ಕಾಲಿಗೆಲ್ಲ ಬಿದ್ದಳು. ನರ್ಸಿನ ಕಾಲಿಗೆ, ವಾಚ್‌ಮನ್ನಿನ ಕಾಲಿಗೆ. ಕೊನೆಗೆ ಬಂದು ಕುಳ್ಳಿಯ ತೋಳು ಹಿಡಿದು ಅಲುಗಾಡಿಸಿದಳು.

"ಅವಳ ಹೆಸರು ಹೇಳ್ಕೊಂಡು ಬದುಕಿದೀಯಲ್ಲೇ. ಅವಳಿಗೋಸ್ಕರ ನಿನ್ನ ಹೆಸರು ಹೇಳಕ್ಕಾಗಲ್ವಾ?"

ಕುಳ್ಳಿ ಎದ್ದಳು. ಸಾಲು ಸೀಳಿಕೊಂಡು ಕೌಂಟರಿಗೆ ಹೋದಳು. ಅಷ್ಟು ಜನ ಗಂಡಸರ ಮುಂದೆ ಬಟ್ಟೆ ಸರಿಸಿ ಹೊಟ್ಟೆ ತೋರಿಸಿದಳು.

"ನೋಡಿ ಸಾರ್. ಕೊಯ್ದಿದ್ದು ಇಲ್ಲಿ. ತೆಗೆದಿದ್ದು ನಂದು. ಕಾರ್ಡು ಲಾಂಡ್ರಿದು, ನಾವು ಎಂಟೂ ಜನ ಕಟ್ಟಿದೀವಿ. ಅವಳದು ಒಳಗೇ ಇದೆ. ನನ್ನನ್ನ ಪೊಲೀಸಿಗೆ ಕೊಡಿ. ಮೊದಲು ಅವಳನ್ನ ಒಳಗೆ ಕರ್ಕೊಳ್ಳಿ."

ಕೌಂಟರಿನವನು ಗಾಯ ನೋಡಿದ. ಅವನ ಮುಖದಲ್ಲಿ ಒಂದು ಗಳಿಗೆ ಏನೋ ಸುಳಿಯಿತು. ಆಮೇಲೆ ಕೈ ಕೀಲಿಮಣೆಗೆ ಹೋಯಿತು. ಟಕ ಟಕ ಟಕ.

"ಲಾಂಡ್ರಿ ಕಾರ್ಡು ಅಂತ ಒಂದಿಲ್ಲಮ್ಮ. ಒಬ್ಬರಿಗೆ ಒಂದು. ನಿಮ್ಮ ಓನರು ಕಟ್ಟಿರೋದು ಒಬ್ಬರಿಗೇನೇ. ನೀವು ಏಳು ಜನ ಇಲ್ಲಿ ಇಲ್ಲವೇ ಇಲ್ಲ."

"ಆಯ್ತು ಸಾರ್, ನಾವಿಲ್ಲ. ಅವಳಿದಾಳಲ್ಲ?"

"ಬೇರೆಯವರು ಬಳಸಿದ್ರೆ ಕಾರ್ಡು ರದ್ದು. ನೀವೇ ಒಪ್ಕೊಂಡ್ರಿ. ಈಗ ಲಾಕಾಯ್ತು."

ಕುಳ್ಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ದೊಡ್ಡಕ್ಕನಿಗೆ ಅಪೆಂಡಿಕ್ಸಿಲ್ಲ. ಬಾಯಿ ಬಿಟ್ಟರೆ ಕಾರ್ಡಿಲ್ಲ.

"ಮನುಷ್ಯರಾ ನೀವು?" ಎಂದು ಬಾಯಾಳಿ ಚೀರಿದಳು. "ಕಣ್ಮುಂದೆ ಸಾಯ್ತಿದಾಳೆ!"

"ಬಂದೋರಿಗೆಲ್ಲ ಪುಕ್ಕಟೆ ನೋಡಿ ಅಂದ್ರೆ ಎಲ್ಲಿಂದ ತರೋಣಮ್ಮ? ಸರ್ಕಾರದ್ದು ಇದೆಯಲ್ಲ, ಅಲ್ಲಿಗೆ ಹೋಗಿ. ಅವರಿರೋದೇ ಅದಕ್ಕೆ."

ಆಂಬುಲೆನ್ಸಿಗೂ ಮೊದಲು ಹಣ ಕಟ್ಟಬೇಕಿತ್ತು. ಹೊಲಸು ಶೀಟು ತುಂಬಿಕೊಳ್ಳಲು ಬಂದಿದ್ದ ಲಾಂಡ್ರಿಯ ವ್ಯಾನೇ ಗತಿಯಾಯಿತು. ತಳ್ಳುಮಂಚದ ಶೀಟನ್ನು ವಾರ್ಡಿನವಳು ಕಿತ್ತುಕೊಂಡು ಮೂಲೆಗೆಸೆದಳು. ದೊಡ್ಡಕ್ಕನನ್ನು ಮೂಟೆಗಳ ನಡುವೆ ಮಲಗಿಸಿದರು. ವ್ಯಾನು ಹಳ್ಳಕ್ಕೆ ಇಳಿದಾಗಲೆಲ್ಲ ಅವಳು ಮುಲುಗುತ್ತಿದ್ದಳು.

"ಕುಳ್ಳೀ," ಎಂದಳು. "ನಿಂದು ತೆಗೆಯುವಾಗ ತುಂಬಾ ನೋವಾಗಿತ್ತೇನೇ?"

"ಇಲ್ಲಕ್ಕ. ನಿದ್ದೆ ಬಂದಂಗಾಯ್ತು. ಎದ್ದಾಗ ಮುಗಿದಿತ್ತು."

"ಹಾಗಾದ್ರೆ ಕಾಗದದಲ್ಲಿ ನಂದೂ ಸಲೀಸಾಗೇ ಆಗಿರುತ್ತೆ ಬಿಡು."

ನಗಲು ನೋಡಿದಳು, ಆಗಲಿಲ್ಲ.

ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೆ 'ಎಲ್ಲರಿಗೂ ಉಚಿತ' ಎಂದು ಆಳೆತ್ತರದ ಅಕ್ಷರದಲ್ಲಿ ಬರೆದಿತ್ತು. ಬಾಗಿಲಿತ್ತು. ಸಾಲಿತ್ತು. ಮಂಚಗಳಿದ್ದವು, ಮಂಚದ ಮೇಲೆ ಇಬ್ಬಿಬ್ಬರು, ಕೆಳಗೊಬ್ಬರು. ಒಬ್ಬ ನರ್ಸು ಮೂರು ವಾರ್ಡುಗಳಿಗೆ ಓಡಾಡುತ್ತಿದ್ದಳು. ಆಪರೇಷನ್ ಮಾಡುವ ಡಾಕ್ಟರು ಒಬ್ಬನೇ, ಅವನಿರಲಿಲ್ಲ.

"ಎಲ್ಲಿ ಹೋಗಿದಾರೆ ಸಿಸ್ಟರ್?"

"ಮಂತ್ರಿಗಳ ಸಭೆಗೆ ಡ್ಯೂಟಿ ಹಾಕಿದಾರಮ್ಮ. ನಾನೇನು ಮಾಡ್ಲಿ?"

"ಎಂಥಾ ಸಭೆ?"

ನರ್ಸು ಅವರ ಮುಖ ನೋಡಲಿಲ್ಲ. "ಬಡವರ ಆರೋಗ್ಯದ್ದು," ಎಂದು ಓಡಿದಳು.

ಸಂಜೆ ನಾಲ್ಕಕ್ಕೆ, ಸಾಲು ಇನ್ನೂ ಕರಗಿರದಿದ್ದಾಗ, ದೊಡ್ಡಕ್ಕ ಪಡಸಾಲೆಯ ನೆಲದ ಮೇಲೆ ಸತ್ತಳು. ಚೀಟಿ ಬರೆಯುವವನು ಬಂದು ಹೆಸರು, ಹುಟ್ಟಿದ ವರ್ಷ, ಗಂಡನ ಹೆಸರು ಕೇಳಿದ. ಕುಳ್ಳಿ ತಡವರಿಸದೆ ಹೇಳಿದಳು. ಚೆನ್ನಾಗಿ ಬಾಯಿಪಾಠ ಆಗಿತ್ತು.

ಮರುದಿನ ಬೆಳಗ್ಗೆ ಆರಕ್ಕೆ ವ್ಯಾನು ಎಂದಿನಂತೆ ಬಂತು. ಓನರೂ ಬಂದಿದ್ದ. ಬಿಳೀ ಅಂಗಿ, ಸಪ್ಪೆ ಮುಖ.

"ಪಾಪ, ಒಳ್ಳೇ ಹೆಂಗಸು," ಎಂದ. ಎರಡು ಸಲ ಲೊಚಗುಟ್ಟಿದ. ಆಮೇಲೆ ಕುಳ್ಳಿಯನ್ನು ಪಕ್ಕಕ್ಕೆ ಕರೆದ. "ನೋಡು, ಆಗಿದ್ದು ಆಗೋಯ್ತು. ಆ ಕೇಸು ಗೀಸು ಎಲ್ಲ ನಾನು ನೋಡ್ಕೋತೀನಿ. ಹೊಸ ಕಾರ್ಡು ನಿನ್ನ ಹೆಸರಿಗೇ ಮಾಡಿಸ್ತೀನಿ. ಇವರೆಲ್ಲ ನಿನ್ನ ಹೆಸರು ಬಾಯಿಪಾಠ ಮಾಡ್ಲಿ. ಏನಂತೀಯಾ? ಈಗ ಬೇಗ ಮೂಟೆ ಬಿಚ್ಚು, ಮಧ್ಯಾಹ್ನದೊಳಗೆ ಆಪರೇಷನ್ ಥಿಯೇಟರಿಗೆ ಶೀಟು ಹೋಗ್ಬೇಕು."

ಕುಳ್ಳಿ ಮೂಟೆಗಳ ಕಡೆ ತಿರುಗಿದಳು. ಮಗಳು ಕಣ್ಣ ಮುಂದೆ ಬಂದಳು. ತನ್ನ ಹೆಸರಿಗೇ ಕಾರ್ಡು. ಆಸೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಗಿ ಮೂಟೆ ಬಿಚ್ಚಿದಳು. ರಕ್ತದ್ದು ಒಂದು ಕಡೆ, ಕೀವಿನದು ಒಂದು ಕಡೆ. ಕೈ ತನ್ನ ಪಾಡಿಗೆ ತಾನು ವಿಂಗಡಿಸುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು.

ಒಂದು ಶೀಟು. ನಡುವೆ ಹಸಿರು ಕಲೆ ಒಣಗಿ ಹಕ್ಕಳೆಗಟ್ಟಿತ್ತು. ಮೂಲೆಯಲ್ಲಿ ಗಂಟು. ಎರಡು ಸುತ್ತು, ತುದಿ ಒಳಗೆ.

ಆಸ್ಪತ್ರೆಯಲ್ಲಿ ಯಾರೂ ಹಾಗೆ ಗಂಟು ಹಾಕುವುದಿಲ್ಲ. ಜಗತ್ತಿನಲ್ಲಿ ಎಂಟೇ ಜನ ಹಾಕುತ್ತಿದ್ದರು. ಹೊಟ್ಟೆ ಒಡೆಯುತ್ತಿದ್ದಾಗ, ಎದುರು ಕೂತವಳು ಬಾಯಿ ಬಿಡದೆ ಇದ್ದಾಗ, ದೊಡ್ಡಕ್ಕ ತನ್ನ ವಾಂತಿಯ ಶೀಟಿಗೆ ಗುರುತು ಹಾಕಿದ್ದಳು. ನಾಳೆ ಒಗೆಯುವವರಿಗೆ ತೊಂದರೆಯಾಗದಿರಲಿ ಎಂದು.

ಕುಳ್ಳಿ ಶೀಟು ಎತ್ತಿ ಹಿಡಿದಳು. ಒಬ್ಬೊಬ್ಬರೇ ಬಂದು ಗಂಟು ಮುಟ್ಟಿದರು. ಬಾಯಾಳಿ ಕೊನೆಗೆ ಮುಟ್ಟಿದಳು. ಅವಳು ಸೀದಾ ಹೋಗಿ ಬಾಯ್ಲರು ಆರಿಸಿದಳು. ಇನ್ನೊಬ್ಬಳು ಮಷೀನು ನಿಲ್ಲಿಸಿದಳು. ಅಷ್ಟು ವರ್ಷದಲ್ಲಿ ಆ ಕೋಣೆ ಅಷ್ಟು ನಿಶ್ಶಬ್ದವಾದದ್ದು ಅದೇ ಮೊದಲು.

"ಏಯ್! ಏನಾಯ್ತ್ರೇ?" ಓನರು ಓಡಿ ಬಂದ. "ಕುಳ್ಳೀ, ನಿನಗೆ ಹೇಳ್ದೆ ತಾನೇ, ಕಾರ್ಡು..."

"ನಿಮ್ಮ ಬುಕ್ಕಲ್ಲಿ ನಾವಿಲ್ಲವಲ್ಲ ಅಣ್ಣ," ಎಂದಳು ಕುಳ್ಳಿ. "ಇಲ್ಲದವರು ಹೇಗೆ ಒಗೀತಾರೆ?"

ಆ ಶೀಟನ್ನು ಕುಳ್ಳಿ ಕಂಕುಳಲ್ಲಿ ಇರುಕಿಕೊಂಡಳು. ಏಳೂ ಜನ ಒದ್ದೆ ಕಾಲಲ್ಲೇ ನಡೆದರು. ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತರು. ಮಧ್ಯಾಹ್ನ ಸರದಿ ಬಂದಾಗ ಕೌಂಟರಿನವನು ತಲೆ ಎತ್ತದೆ ಕೇಳಿದ:

"ಹೆಸರು?"

ಅಭ್ಯಾಸಬಲದಿಂದ ದೊಡ್ಡಕ್ಕನ ಹೆಸರು ಕುಳ್ಳಿಯ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು. ಆ ಕೌಂಟರಿನಲ್ಲಿ ಮೊದಲ ಸಲ ತನ್ನ ಹೆಸರು ಹೇಳಿದಳು.

ಟಕ ಟಕ. "ಇಲ್ಲ."

"ಕಾರ್ಡಿಗೆ ಅಂತ ವಾರವಾರ ಕೂಲೀಲಿ ಹಿಡಿದಿದಾರೆ, ಇಲ್ಲ ಅಂತ ಬರ್ದುಕೊಡಿ. ಎಲ್ಲಿ ಕೆಲಸ ಅಂತಾನೂ ಬರೀರಿ. ಸೀಲ್ ಒತ್ತಿ."

ಅವನು ತಲೆ ಎತ್ತಿದ. ಗುರುತು ಹಿಡಿದ. ಹಿಂದೆ ನಿಂತಿದ್ದ ಬಾಯಾಳಿ ತನ್ನ ಹೆಸರು ಹೇಳಿದಳು. ಅವಳ ಹಿಂದಿನವಳು ತನ್ನದು ಹೇಳಿದಳು. ಏಳು ಹೆಸರು. ಒಂದೂ ಕಂಪ್ಯೂಟರಿನಲ್ಲಿರಲಿಲ್ಲ.

"ಹಾಗೆಲ್ಲ ಬರ್ದುಕೊಡೋಕೆ ಬರಲ್ಲಮ್ಮ."

"ಇದೆ ಅಂತ ಬರೆಯೋಕೆ ಬರುತ್ತೆ, ತೆಗೆದಿದೆ ಅಂತ ಬರೆಯೋಕೆ ಬರುತ್ತೆ. ಇಲ್ಲ ಅಂತ ಬರೆಯೋಕೆ ಮಾತ್ರ ಬರಲ್ವಾ?"

ಸಾಲಿನಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ ಗಾರೆ ಕೆಲಸದವನೊಬ್ಬ ಮುಂದೆ ಬಂದ. "ಸಾರ್, ನಂಗೂ ಹಿಡೀತಾರೆ ಕಾರ್ಡಿಗೆ ಅಂತ. ನಂದೂ ಇದೆಯಾ ನೋಡಿ."

ಕೌಂಟರಿನವನ ಕೈ ಕೀಲಿಮಣೆಯ ಮೇಲೇ ನಿಂತುಹೋಯಿತು. ಆಗ ಅವನ ಪಕ್ಕದ ಫೋನು ಬಡಿದುಕೊಂಡಿತು. ಅತ್ತ ಕಡೆಯ ದನಿ ಎಷ್ಟು ಜೋರಾಗಿತ್ತೆಂದರೆ ಕುಳ್ಳಿಗೂ ಕೇಳಿಸಿತು. ಮೇಲಿನ ಆಪರೇಷನ್ ಥಿಯೇಟರಿನವರು. ಶೀಟು ಯಾಕೆ ಬಂದಿಲ್ಲ, ಒಂದೂ ಉಳಿದಿಲ್ಲ, ಎಲ್ಲಿ ಸತ್ತರು ಲಾಂಡ್ರಿಯವರು?

ಕುಳ್ಳಿ ಕಂಕುಳಲ್ಲಿದ್ದ ಶೀಟು ಬಿಡಿಸಿ ಕೌಂಟರಿನ ಮೇಲೆ ಹರಡಿದಳು. ಹಸಿರು ಕಲೆ ಮೇಲೆ ಬರುವಂತೆ, ಗಂಟು ಅವನ ಕಡೆಗೆ ಬರುವಂತೆ.

"ಒಬ್ಬಳು ಸತ್ತಿದಾಳೆ, ಏಳು ಜನ ಇಲ್ಲಿದೀವಿ ಅನ್ನಿ," ಎಂದಳು. "ಶೀಟು ಬರಲ್ಲ. ಇನ್ನೂ ಹೊಲಸಾಗೇ ಇದೆ."